ಒಂದೂವರೆ ಇಂಚು

ದಿನಾ ನಲವತ್ತು ನಿಮಿಷ ನಿಲ್ಲಿಸಬೇಕು, ಅಂದರು ಹೇಮಲತಾ ಮೇಡಂ,
ಮರದ ಚೌಕಟ್ಟಿನೊಳಗೆ, ಮೊಣಕಾಲಿಗೆ ಪಟ್ಟಿ ಬಿಗಿದು.
ನಾನು ಲೆಕ್ಕ ಹಾಕಿದೆ.
ಶಿವಮೊಗ್ಗ ಸ್ಟ್ಯಾಂಡಿನಿಂದ ಮಂಡಗದ್ದೆಗೆ
ನಮ್ಮ ಮೊದಲ ಬಸ್ಸು ತಗೊಳ್ಳೋದೂ ಅಷ್ಟೇ,
ಗಾಜನೂರಲ್ಲಿ ಹಾಲಿನ ಕ್ಯಾನು ಹತ್ತದಿದ್ದರೆ.

ಹಾಗಾಗಿ ಪ್ರೀತಮ ನಿಲ್ಲುವುದು ಬಸ್ಸಲ್ಲಿ:
ಡ್ರೈವರ್ ಹಿಂದಿನ ಕಂಬಕ್ಕೆ ನನ್ನ ಟವೆಲು,
ಟವೆಲಿನೊಳಗೆ ಅವನು, ಒಂಬತ್ತು ವರ್ಷ, ಹದಿನಾಲ್ಕು ಕೆಜಿ.
ಸಕ್ರೆಬೈಲಿನ ತಿರುವು ಬರುವ ಮೊದಲೇ
ಮೈ ಎಡಕ್ಕೆ ವಾಲಿಸುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ.
ಜನ ಹತ್ತಿ ಮುಗಿದರೆ "ಅಯ್" ಅನ್ನುತ್ತಾನೆ.
ಇಕ್ಬಾಲಣ್ಣ ಗೇರು ಹಾಕುತ್ತಾನೆ.

ಫೈಲಿನಲ್ಲಿ: ಮಾತು, ಇಲ್ಲ.
ಮೇಡಂ, ಅವನು "ರೈಟ್" ಅಂತಾನೆ.
ಅದು ಸ್ವರ, ಮಾತಲ್ಲ, ಅಂದರು.
ಐವತ್ತೆರಡು ಸೀಟಿನ ಬಸ್ಸು ಹೊರಡುತ್ತೆ ಮೇಡಂ, ಆ ಸ್ವರಕ್ಕೆ.
ಅವರು ಕನ್ನಡಕ ಒರೆಸಿಕೊಂಡರು.
ಕೆಳಗೆ ಬರೆದದ್ದನ್ನು ನಾನು ತಲೆಕೆಳಗಾಗಿ ಓದಿದೆ:
ಪಾಲಕರು ಸಹಕರಿಸುತ್ತಿಲ್ಲ.

ಮಾರ್ಚಿನಲ್ಲಿ ಎಕ್ಸ್‌ರೇ.
ಕಿಟಕಿಗೆ ಹಿಡಿದು ತೋರಿಸಿದರು. ಬೈಯಲಿಲ್ಲ,
ಬೈದಿದ್ದರೆ ಚೆನ್ನಾಗಿತ್ತು.
ಎಡ ಸೊಂಟದ ಗುಂಡು ಬಟ್ಟಲಿಂದ ಜಾರುತ್ತಿದೆ,
ಹ್ಯಾಂಡ್‌ಬ್ರೇಕ್ ಹಿಡಿಯದ ಗಾಡಿಯ ಹಾಗೆ, ನಿಧಾನ.
ಎಷ್ಟು ದಿನದಿಂದ, ಕೇಳಿದೆ.
ಟವೆಲು ಹೆಗಲ ಮೇಲೇ ಇತ್ತು.

ಮನೆಗೆ ಬಂದು ಹಾರಾಡಿದೆ,
ಆಸ್ಪತ್ರೆಯವರಿಗೆ ಮೂಳೆ ಕಾಣುತ್ತೆ, ಹುಡುಗ ಕಾಣಲ್ಲ, ಅಂತೆಲ್ಲ.
ಸುನಂದ ಎಣ್ಣೆ ಬಟ್ಟಲು ಕೆಳಗಿಟ್ಟಳು.
"ನೀವಿಬ್ಬರೂ ಹಗಲು ಜಗಳ ಆಡ್ತೀರಿ.
ರಾತ್ರಿ ಎರಡಕ್ಕೆ ಆ ಕಾಲು ಹಿಡ್ಕೊಂಡು ಕೂರೋಳು ನಾನು.
ನನ್ನ ಯಾರು ಕೇಳಿದ್ರಿ?"
ಎರಡು ವರ್ಷ. ಕೇಳಿರಲಿಲ್ಲ.

ಮುಂದಿನ ಬುಧವಾರ ಅವಳೇ ಹೋದಳು.
ಏನು ಮಾತಾಡಿದರೋ.
ಗುರುವಾರ ಬೆಳಿಗ್ಗೆ ಆರಕ್ಕೆ, ಸ್ಟ್ಯಾಂಡಿನಲ್ಲಿ,
ಸ್ವೆಟರ್ ಹಾಕಿಕೊಂಡ ಹೇಮಲತಾ ಮೇಡಂ, ಕೈಯಲ್ಲಿ ದರ್ಜಿ ಟೇಪು.
ಕಂಬ ಅಳೆದರು, ಅವನ ಪಾದ ಅಳೆದರು,
ಟಿಕೆಟ್ ಹಿಂದೆ ಚಿತ್ರ ಬರೆದರು:
ಎಡ ಹಿಮ್ಮಡಿ ಕೆಳಗೆ ಒಂದೂವರೆ ಇಂಚಿನ ಹಲಗೆ,
ತೊಡೆಗಳ ನಡುವೆ ದಿಂಬು.
ಗಾಜನೂರು ತನಕ ಮಾತ್ರ. ಆಮೇಲೆ ಕೂರಿಸಿ.
"ಇದಕ್ಕೂ ನನ್ನ ಒಪ್ಪಿಗೆ ಇಲ್ಲ," ಅಂದರು. "ಆದರೂ."

ಆ ಸಾಲು ಹೊಡೆದುಹಾಕಿ ಮೇಡಂ, ಅಂದೆ,
ಸಹಕರಿಸುತ್ತಿಲ್ಲ ಅನ್ನೋದು.
"ನೀವು ಸಹಕರಿಸ್ತಿದ್ದೀರಾ?"

ನಾನು ಟಿಕೆಟ್ ಯಂತ್ರ ಒತ್ತುತ್ತ ನಿಂತೆ.
ಅವರಿನ್ನೂ ಫುಟ್‌ಬೋರ್ಡಿನ ಮೇಲೇ ಇದ್ದರು.
"ಅಯ್," ಅಂದ ಪ್ರೀತಮ.
ಮೇಡಂ ಗಡಬಡಿಸಿ ಇಳಿದರು.