ಕಾಲಿನ ಅಚ್ಚು

ಅಪ್ಪ ತಲೆ ಮಾಡುತ್ತಿದ್ದ,
ನಾನು ಕಾಲು ಮಾಡುತ್ತೇನೆ.
ಕ್ವೆಂಕಾದ ಈ ಓಣಿಯಲ್ಲಿ ನಮ್ಮ ಅಂಗಡಿಗೆ
ಈಗಲೂ ಅದೇ ಬೋರ್ಡು: ಸಿಂಚಿ, ಅಚ್ಚಿನ ಕೆಲಸ.
ಅವನ ಮರದ ತಲೆಗಳು ಮೇಲಿನ ಹಲಗೆಯಲ್ಲಿ.
ಅವುಗಳ ಟೋಪಿಗಳು ಹಡಗು ಹತ್ತಿ ಹೋದವು,
ಇವು ಉಳಿದವು
ಕಣ್ಣಿಲ್ಲದೆಯೂ ನನ್ನ ಕೆಲಸ ನೋಡುತ್ತ.

ಆ ಸೋಮವಾರ ಲುಸ್ಮಿಲಾ ಕಿಶ್ಪೆ ಬಂದಳು.
ಓಟದವಳಲ್ಲ, ನಡಿಗೆಯವಳು;
ಇಪ್ಪತ್ತು ಕಿಲೋಮೀಟರು, ಗಡಿಯಾರದ ಜೊತೆ ಜಗಳವಾಡುತ್ತ.
ಒಂದು ಕಾಲು ಸದಾ ನೆಲದಲ್ಲಿರಬೇಕು,
ಊರಿದ ಕಾಲಿನ ಮಂಡಿ ಮಡಚಕೂಡದು,
ತಪ್ಪಿದರೆ ಕೆಂಪು ಚೀಟಿ,
ಚೀಟಿ ಕೂಡಿದರೆ ಮನೆ.

ಮಂಡಿಯ ಕೆಳಗೆ, ಎಲುಬಿನ ಅಂಚಿಗೆ
ಬೆಂಕಿಕಡ್ಡಿ ಗೀರಿದ ಹಾಗೆ, ಎಂದಳು.
ಹನ್ನೆರಡನೇ ಕಿಲೋಮೀಟರಿಗೆ ಶುರು.
ಡಾಕ್ಟರು ಹೇಳಿದರು ವಿಶ್ರಾಂತಿ,
ಕೋಚು ಹೇಳಿದ ಐಸು,
ಅಮ್ಮ ಹೇಳಿದಳು ಮದುವೆ.

ನಾನು ಹಳೆಯ ಶೂ ಕೊಡು ಅಂದೆ.
ಬೋರಲು ಹಾಕಿ ಓದಿದೆ.
ಎಡಗಡೆಯದರ ಒಳ ಅಂಚು ಸವೆದು ಸವೆದು
ನಾಣ್ಯದ ಮುಖ ಅಳಿದಂತೆ.
ಬಲಗಡೆಯದು ಹೊಚ್ಚ ಹೊಸದು, ಮೈಗಳ್ಳ.
ಬರಿಗಾಲಲ್ಲಿ ಗಾಜಿನ ಮೇಲೆ ನಿಲ್ಲಿಸಿ
ಕೆಳಗಿನಿಂದ ಕನ್ನಡಿ ಹಿಡಿದೆ.
ಎಡಪಾದದ ಕಮಾನು
ಭಾರ ಬಿದ್ದೊಡನೆ ದಣಿದ ಕತ್ತೆಯಂತೆ ಕುಸಿಯಿತು.
ಆ ಕುಸಿತಕ್ಕೆ ಮೀನಖಂಡ ತಿರುಚಿ,
ಮಂಡಿ ತಿರುಚಿ, ಸೊಂಟ ಓರೆಯಾಗಿ
ಕೊನೆಗೆ ಭುಜ ಸಮಜಾಯಿಷಿ ಹೇಳುತ್ತಿತ್ತು.
ಕೆಳಗಿನವನ ತಪ್ಪಿಗೆ ಮೇಲಿನವರು ದಂಡ ತೆರುವುದು
ಮೈಯಲ್ಲಿ ಮಾತ್ರ;
ಊರಲ್ಲಿ ಅದು ತಿರುಗುಮುರುಗು.

ಪ್ಲಾಸ್ಟರ್ ಪಟ್ಟಿ ನೆನೆಸಿ ಸುತ್ತಿದೆ.
ತಣ್ಣಗಿದೆ ಅಂದಳು, ಆಮೇಲೆ ಬಿಸಿ ಅಂದಳು.
ಗಟ್ಟಿಯಾಗುವಾಗ ಅದಕ್ಕೂ ಜ್ವರ ಬರುತ್ತದೆ.
ಕಾಲು ಅಲುಗಿಸದೆ ಮಾತಾಡಿದಳು:
ಅಮ್ಮ ಸಿಗ್ಸಿಗ್‌ನವಳು,
ಬೆಟ್ಟದ ದಾರಿಯಲ್ಲಿ ನಡೆಯುತ್ತಲೇ ಟೋಪಿ ಹೆಣೆಯುವವಳು,
ಕಣ್ಣು ದಾರಿಯ ಮೇಲೂ ಇಲ್ಲ, ಕೈಯ ಮೇಲೂ ಇಲ್ಲ.
"ನಡಿಗೆ ನನಗೆ ಅವಳಿಂದ ಬಂತು.
ಕೈ ಬರಲಿಲ್ಲ."

ಸಿಪ್ಪೆಯೊಳಗೆ ಸುರಿದು, ಬಿಡಿಸಿ
ಬಿಳಿಯ ಕಾಲೊಂದನ್ನು ಎತ್ತಿದೆ.
ಅದರ ಮೇಲೆ ಕಾಯಿಸಿದ ಹಾಳೆ, ಕಾರ್ಕು,
ಹಿಮ್ಮಡಿಯ ಒಳಬದಿಗೆ ಮೂರು ಮಿಲಿಮೀಟರು.
ಮೊದಲ ಜೋಡಿ ಕಚ್ಚಿತು.
ಗುಳ್ಳೆಯೆದ್ದ ಅಂಗಾಲು ತೋರಿಸಿ ಬೈದಳು.
ಎಲ್ಲಿ ಕಚ್ಚುತ್ತದೆಂದು ಹಾಕಿದ ಕಾಲಿಗಷ್ಟೇ ಗೊತ್ತು,
ನನಗೂ ಗೊತ್ತು ಅಂದುಕೊಂಡದ್ದು ಕಸುಬಿನ ಸೊಕ್ಕು.
ಕೂದಲೆಳೆಯಷ್ಟು ಉಜ್ಜಿದೆ. ಮತ್ತೆ ಬಂದಳು.
ಇನ್ನೊಂದು ಎಳೆ.
ದಿನಕ್ಕೊಂದು ಗಂಟೆ ಹಾಕು, ಆಮೇಲೆ ಎರಡು,
ಹೊಸ ನೆಂಟನಿಗೆ ಕಾಲೂ ಹೊಂದಿಕೊಳ್ಳಬೇಕು.
ಇದು ರೆಕ್ಕೆಯಲ್ಲ ಮಗಳೇ,
ನಿನ್ನ ಆಟದಲ್ಲಿ ರೆಕ್ಕೆ ಬಂದರೇ ಅಪರಾಧ.
ಇದು ನೆಲ.
ನಿನ್ನ ಎಡಗಾಲಿಗೆಂದೇ ಎದ್ದು ಬಂದ
ಅಂಗೈಯಗಲದ ನೆಲ.

ಸ್ಪರ್ಧೆಯ ದಿನ ತೊಮೆಬಾಂಬಾ ಹೊಳೆಯ ಪಕ್ಕ ನಿಂತೆ.
ಜನ ಮುಖಗಳನ್ನು ನೋಡುತ್ತಿದ್ದರು,
ನಾನು ನೆಲದಿಂದ ಒಂದು ಗೇಣು.
ಹನ್ನೊಂದು. ಹನ್ನೆರಡು.
ಹದಿಮೂರಕ್ಕೆ ಉಸಿರು ಬಿಟ್ಟವನು ನಾನು, ಅವಳಲ್ಲ.
ಆರನೆಯವಳಾಗಿ ಬಂದಳು. ಪದಕವಿಲ್ಲ.
ಕಡ್ಡಿ ಗೀರಲಿಲ್ಲ, ಅಷ್ಟೇ.

ವಾರ ಕಳೆದು ಬೆವರು ನಾರುವ ಅಟ್ಟೆಗಳನ್ನು ತಂದಿಟ್ಟಳು.
ಐದು ಬೆರಳು, ಹಿಮ್ಮಡಿ,
ಎಡಕ್ಕೂ ಬಲಕ್ಕೂ ಒಂದೇ ಕಪ್ಪು.
ಅದನ್ನು ನಾನು ಓದಿದಷ್ಟು ಹೊತ್ತು
ಯಾವ ಪತ್ರವನ್ನೂ ಓದಿಲ್ಲ.

ಬಿಳಿಯ ಕಾಲನ್ನು ಕೇಳಿ ಒಯ್ದಳು, ಅಮ್ಮನಿಗಂತೆ.
ಮೊನ್ನೆ ಸಿಗ್ಸಿಗ್‌ಗೆ ಹೋದಾಗ ಕಂಡೆ:
ಕಿಟಕಿಯಲ್ಲಿ ಮಗಳ ಎಡಗಾಲು,
ಅದರ ಹೆಬ್ಬೆರಳಿಗೆ ಅರ್ಧ ಹೆಣೆದ ಟೋಪಿ,
ಹುಲ್ಲಿನೆಳೆಗಳು ಇಳಿಬಿದ್ದು.
ಅಪ್ಪ ಇದ್ದಿದ್ದರೆ ಬೈಯುತ್ತಿದ್ದ,
ಇಲ್ಲವೇ ಅಳತೆ ತೆಗೆಯುತ್ತಿದ್ದ.