ತುಂಬಲೇಬೇಕಾದ ಜಾಗ

ಕೊಶಿತ್ಸೆಯ ಬಸ್ಸು ವಾಪಸು ತಿರುಗುವಲ್ಲಿ
ರೋಮಾಗಳ ಕೇರಿ. ಚರ್ಚಿನ ನೆಲಮಾಳಿಗೆಯಲ್ಲಿ
ಬ್ಯಾಂಕು ಬಿಸಾಕಿದ ಏಳು ಲ್ಯಾಪ್‌ಟಾಪು.
ಒಂದಕ್ಕೆ ಅರ್ಧವಿರಾಮದ ಕೀಲಿಯೇ ಇಲ್ಲ,
ಅದು ಝನೆತಾಳ ಪಾಲಿಗೆ.
ಬೇರೆ ಸಾಲಿನಿಂದ ನಕಲೆತ್ತಿ ಅಂಟಿಸುತ್ತಾಳೆ,
ಹಳೇ ಕೋಟಿನ ಗುಂಡಿ ಬಿಚ್ಚಿ
ಹೊಸದಕ್ಕೆ ಹೊಲಿದಂತೆ.

ಇವತ್ತಿನ ಪಾಠ: ಕೆಲಸದ ಅರ್ಜಿ.
ಹೆಸರು. ಫೋನು. ವಿಳಾಸ.
ತುಂಬಲೇಬೇಕಾದ ಕಡೆ ಕೆಂಪು ನಕ್ಷತ್ರ ಇಡಿ, ಅಂದೆ.
ಕೊಲೊಮಾನ್ ಎಲ್ಲಕ್ಕೂ ಇಟ್ಟ,
ನಾಯಿಯ ಹೆಸರಿಗೊಂದು ಜಾಗ ಮಾಡಿ ಅದಕ್ಕೂ.

ಝನೆತಾ ವಿಳಾಸದ ಹತ್ತಿರ ನಿಂತಳು.
"ಅಣ್ಣ ಬೆಸುಗೆ ಕಲಿತವನು. ಫೋನಿನಲ್ಲಿ
ನಾಳೆಯೇ ಬಾ ಅಂದರು.
ಬೀದಿ ಯಾವುದು ಅಂದರು.
ಆಮೇಲೆ, ಜಾಗ ತುಂಬಿತು ಅಂದರು."
ಅಷ್ಟೇ. ಒಂದು ಪದ ಅಳಿಸಿದಳು,
ವಿಳಾಸ ಖಾಲಿ ಬಿಟ್ಟು ಗುಂಡಿ ಒತ್ತಿದಳು:
ನಿಮ್ಮ ಅರ್ಜಿ ತಲುಪಿದೆ. ಧನ್ಯವಾದ.

ತಲುಪಿದ್ದು ನನ್ನ ಮೇಜಿಗೆ.
ಊರಿನ ಅರ್ಜಿಗಳನ್ನು ಬರೆಯುವವರು ಬೇರೆ,
ಅವರಿಗೆ ನಕ್ಷತ್ರವೆಂದರೆ ಬಲು ಪ್ರೀತಿ.
ಉತ್ತರದ ಹಾಳೆಯ ಪ್ರಕಾರ ಇದು ತಪ್ಪು.
ಪೂರ್ತಿ ಅಂಕ ಕೊಟ್ಟೆ, ಕೈ ಸ್ವಲ್ಪ ತಡವರಿಸಿತು.

ಅವಳು ಅಂಕ ನೋಡಲಿಲ್ಲ, ಗಡಿಯಾರ ನೋಡಿದಳು:
"ಮೇಡಂ, ಕತ್ತಲಾಯಿತು.
ನಿಮ್ಮ ಬಸ್ಸು ಹೊರಟುಬಿಡುತ್ತೆ."