ತಂಬಿಗೆಯ ತಳ

ಮೂರನೇ ಸಲವೂ ಅದೇ ಕಾಗದ ಬಂತು:
ಈ ನಂಬರಿನ ಸಿಪಾಯಿ ನಮ್ಮ ದಫ್ತರದಲ್ಲಿ ಇಲ್ಲ.
ಸಿರುಗುಪ್ಪದ ಜೆರಾಕ್ಸ್ ಅಂಗಡಿ ಹುಡುಗ ಹಿಂದಿ ಓದಿ ಹೇಳಿ
ಪ್ರತಿಗೆ ದುಡ್ಡು ತಗೊಳ್ಳಲಿಲ್ಲ.

ಒಂಬತ್ತು ವರ್ಷ ಎಲ್ಲಿದ್ದ ಹಾಗಾದರೆ ಅಪ್ಪ?
ಯಾರ ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿದಳು ಅವ್ವ?

ಬಿಡುಗಡೆ ಪುಸ್ತಕ ಇತ್ತು. ನೆರೆ ಬಂದ ವರ್ಷ
ಹೊಳೆ ಕೆಂಚನಗುಡ್ಡದ ನಮ್ಮ ಮನೆ ಹೊಕ್ಕು
ಟ್ರಂಕಿನೊಳಗೆ ಎರಡು ದಿನ ಕೂತು ಎದ್ದು ಹೋದಾಗ
ಪುಸ್ತಕ ನೆನೆದ ಅವಲಕ್ಕಿಯಾಗಿತ್ತು.
ಅಪ್ಪ ನಕ್ಕ. ‘ನಂಬರು ತಲಿಯಾಗ ಐತಿ,
ಹೊಳಿ ಅಲ್ಲೀತನ ಬರಲ್ಲ.’

ಬಂತು. ಹೋದ ಯುಗಾದಿಯ ಮುಂದೆ
ಎಡಗೈ ಬಿತ್ತು, ಬಾಯಿ ಒಂದು ಕಡೆ ಜಾರಿತು,
ಮೊಮ್ಮಕ್ಕಳ ಹೆಸರು, ಅವ್ವನ ಹೆಸರು
ಒಂದೊಂದಾಗಿ ತೇಲಿ ಹೋದವು.
ನಂಬರು ಮಾತ್ರ ಕೇಳಿದಾಗೆಲ್ಲ ಹೇಳುತ್ತಿದ್ದ
ಎದೆ ಎತ್ತಿ, ಒಂದಂಕಿ ತೊದಲದೆ.
ಅದನ್ನೇ ಬರೆದೆ ಮೂರೂ ಅರ್ಜಿಯಲ್ಲಿ.

ಬಳ್ಳಾರಿಯ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು,
ಗಾಳಿ ಇರಲಿಲ್ಲ.
ರಿಟೈರ್ಡ್ ಹವಾಲ್ದಾರ್ ವಲಿಬಾಷಾ
ಕನ್ನಡಕ ಹಣೆಗೇರಿಸಿ ಕಾಗದ ಕಣ್ಣಿಗೆ ಹಿಡಿದು
‘ಐದೇ ಅಂಕಿ? ಯಾರೂ ಎಣಿಸಲೇ ಇಲ್ಲೇನಮ್ಮಾ’ ಎಂದ.
ಆಮೇಲೆ, ‘ಯಾವ ಕಂಪನಿ ನಿಮ್ಮಪ್ಪಂದು?’

ಹೇಸರಗತ್ತೆ ಕಂಪನಿ, ಎಂದೆ.

ಸುಮ್ಮನಾದ. ಪೆನ್ನಿನ ಮುಚ್ಚಳ ಹಾಕಿದ, ತೆಗೆದ.
‘ಇದು ಆಳಿನ ನಂಬರಲ್ಲ.
ಗೊರಸಿನ ಮ್ಯಾಲೆ ಕಾಸಿ ಬರೆಯೋದು.’

ಹೇಸರಗತ್ತೆಗೆ ಹೆಸರಿಡುವುದಿಲ್ಲವಂತೆ ಅಲ್ಲಿ.
ಅಪ್ಪನಿಗಾದರೂ ಇಟ್ಟರೇ ಸರಿಯಾಗಿ?
ಗಾದಿಲಿಂಗಪ್ಪ ಎಂದು ಇವನು ಕೂಗಿದ್ದನ್ನು
ಗಾಡಿ ಲಿಂಗ ಎಂದು ಬರೆದುಕೊಂಡ ಗುಮಾಸ್ತ.
‘ಹೊರೋ ಕೆಲಸಕ್ಕೆ ಗಾಡೀನೇ ಬೇಸು’ ಎಂದು
ಅಪ್ಪ ಅದನ್ನು ತಿದ್ದಿಸಲಿಲ್ಲ.

ಬಸ್ಸಿನಲ್ಲಿ ಕಂಪ್ಲಿಯವರೆಗೂ ಎಣಿಸಿದೆ:
ಹಿಮದಲ್ಲಿ ದಾರಿ ಮುಚ್ಚಿಹೋದ ರಾತ್ರಿ
ಅದರ ಬಾಲ ಹಿಡಿದು ನಡೆದನಂತೆ,
ಅದರ ಹೊಟ್ಟೆಗೆ ಒರಗಿ ನಿದ್ದೆ ಮಾಡಿದನಂತೆ.
ತನ್ನದು ಮರೆತು ಅದರದನ್ನು ಉಳಿಸಿಕೊಂಡಿದ್ದಾನೆ.
ಇದಕ್ಕೆ ಯಾವ ಫಾರಂ?

ಮನೆಗೆ ಬಂದು ಪಾತ್ರೆಗೆ ಕೂತಾಗ ಕಂಡಿತು.
ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಂಬಿಗೆ.
ರಜೆಗೆ ಬಂದಾಗ ಬ್ರೂಸ್‌ಪೇಟೆಯಲ್ಲಿ ಕೊಂಡು,
ಹೆಂಡತಿ ಹೆಸರು ಕೆತ್ತಲಾ ಎಂದು ಅಂಗಡಿಯವ ಕೇಳಿದರೆ
ನಾಚಿ, ನಂಬರು ಕೆತ್ತಿಸಿದ್ದನಂತೆ.
ಅವ್ವ ಸಾಯುವವರೆಗೂ ಅದನ್ನೇ ಆಡಿಕೊಂಡಳು.

ತಳ ಮೇಲೆ ಮಾಡಿ ದೀಪಕ್ಕೆ ಹಿಡಿದೆ.
ಅಂಕಿಗಳಿದ್ದವು, ಇದ್ದಂತೆ ಇದ್ದವು.
ಮೂವತ್ತೊಂದು ವರ್ಷ ಹುಣಸೆಹುಳಿ ಹಚ್ಚಿ, ಬೂದಿ ಹಚ್ಚಿ
ಫಳಫಳ ಹೊಳೆಯಬೇಕೆಂದು ತಿಕ್ಕಿ ತಿಕ್ಕಿ
ಅಪ್ಪನನ್ನು ಅಳಿಸುತ್ತಾ ಬಂದವಳು
ನಾನೇ.

ಮಗಳ ಪಟ್ಟಿಯ ಹಾಳೆ ಹರಿದು ತಳಕ್ಕೆ ಇಟ್ಟು
ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದೆ.
ಕಪ್ಪಿನೊಳಗಿಂದ ಬಿಳಿಯಾಗಿ ಎದ್ದು ಬಂದವು,
ಕೊನೆಯದು ಬಿಟ್ಟು. ಅದು ಮೂರೂ ಇರಬಹುದು,
ಎಂಟೂ ಇರಬಹುದು.

‘ತಂಬಿಗಿ ದಾಖಲಿ ಅಲ್ಲಮ್ಮ,’ ಎಂದ ವಲಿಬಾಷಾ,
‘ಹುಡುಕಾಕ ದಾರಿ ಆತು, ಅಷ್ಟೆ.’
ಎರಡು ಅರ್ಜಿ ಬರೆಸಿದ. ಒಂದು ಮೂರಕ್ಕೆ, ಒಂದು ಎಂಟಕ್ಕೆ.
ಇಬ್ಬರು ಅಪ್ಪಂದಿರನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ
ಹೊರಗೆ ನಿಂತು ಒಗ್ಗರಣಿ ಮಿರ್ಚಿ ತಿಂದೆ.
ಬೆಳಗಿಂದ ಏನೂ ತಿಂದಿರಲಿಲ್ಲ.

ತವರಿಗೆ ಹೋಗಿ ತಂಬಿಗೆಯಲ್ಲಿ ನೀರು ಕೊಟ್ಟು ಹೇಳಿದೆ:
ನಿನ್ನ ನಂಬರು ಸಿಕ್ಕಿತಪ್ಪಾ.
ಬಲಗೈಯಲ್ಲಿ ಮಗುಚಿದ. ನೀರು ಮಡಿಲಿಗೆ ಚೆಲ್ಲಿತು.
ತಳವನ್ನು ಹೆಬ್ಬೆರಳಿನಿಂದ ಸವರಿ,
ಗೊರಸಿನ ಮಣ್ಣು ಒರೆಸುವ ಹಾಗೆ ಒರೆಸಿ,
ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡಿ ಯಾರನ್ನೋ ಕರೆದು

ಎದೆ ಎತ್ತಿ ಹೇಳಿದ
ಆ ಐದು ಅಂಕಿ.